ಹಲ್ಲಿಯ ಮೆಚ್ಚುಗೆ

ತುಂಗಮ್ಮನವರು ಮೊಬೈಲಿನಲ್ಲಿ ಏನೇ ನೋಡಲಿ, ಗೋಡೆಯ ಹಲ್ಲಿ ಮೊದಲ ಕ್ಷಣಕ್ಕೇ ಲೊಚಗುಟ್ಟುತ್ತಿತ್ತು. ಸಿನಿಮಾ ಟ್ರೇಲರಿಗೂ ಅದೇ, ಸೀರೆ ಜಾಹೀರಾತಿಗೂ ಅದೇ. "ಹಲ್ಲಿ ನುಡಿಯಿತು, ಸತ್ಯ," ಎಂದು ಅವರು ತಲೆದೂಗಿದರೆ ಹಲ್ಲಿ ಬಾಲವೆತ್ತಿ ಬೀಗುತ್ತಿತ್ತು.

"ಹಲ್ಲಿರಾಯರೇ, ಪೂರ್ತಿ ನೋಡಿ ನುಡಿಯಬಾರದೇ?" ಎಂದಿತು ಮೂಲೆಯ ಜೇಡ.

"ಅಷ್ಟರಲ್ಲಿ ಬೇರೆ ಯಾರಾದರೂ ನುಡಿದುಬಿಟ್ಟರೆ?"

ಒಂದು ಸಂಜೆ, ಊರೆಲ್ಲ ಹಂಚಿಕೊಳ್ಳುತ್ತಿದ್ದ ಜಾಹೀರಾತೊಂದು ಬಂತು. ಇಡೀ ಸಂಸಾರವೇ ಕುಣಿಯುತ್ತಿತ್ತು, ಹಾಡೂ ಸೊಗಸಾಗಿತ್ತು. ಹಲ್ಲಿ ಮೈಮರೆತು ಲೊಚಗುಟ್ಟತೊಡಗಿತು. ಅದು ನಿಲ್ಲಿಸುವ ಮೊದಲೇ ಹಾಡು ಮುಗಿದು ದನಿಯೊಂದು ಹೇಳಿತು: "ಒಮ್ಮೆ ಸಿಂಪಡಿಸಿ, ಮನೆಯಲ್ಲಿ ಒಂದು ಹಲ್ಲಿಯೂ ಉಳಿಯುವುದಿಲ್ಲ."

"ಸತ್ಯ," ಎಂದು ತುಂಗಮ್ಮನವರು ಎರಡು ಬಾಟಲಿ ತರಿಸಲು ಬೆರಳೊತ್ತಿದರು.

ಜೇಡ ಬಲೆ ಸುತ್ತಿಕೊಳ್ಳುತ್ತಾ ಹೇಳಿತು: "ಈ ಮನೆಯಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆ, ನೋಡಿದಿರಾ ರಾಯರೇ?"