ಬಳೆಗಾರ್ತಿ ಸೇತುವೆಗೆ ಆ ಹೆಸರು ಬಂದದ್ದು

ಈ ಸೇತುವೆಯ ಮೇಲಿಂದ ತುಂಬಿದ ಹೊಳೆಗೆ ಹಾರಿ, ತಲೆಗೆ ಸುತ್ತಿದ ರುಮಾಲು ಒದ್ದೆಯಾಗದಂತೆ ಆಚೆ ದಡ ಸೇರಿದವನು ನಾನೊಬ್ಬನೇ. ಕಣ್ಣಾರೆ ಕಂಡವರು ನಾಲ್ವರಿದ್ದರು, ನಾಲ್ವರೂ ತೀರಿಕೊಂಡರು. ಹಣಿಗೆ ಅಂಗಡಿಯ ಬೋರಯ್ಯನೆಂದರೆ ಕಡವಿನಕೋಟೆಯಲ್ಲಿ ಎಲ್ಲರಿಗೂ ಗೊತ್ತು. ಸೇತುವೆಯ ತುದಿಯಲ್ಲಿರುವ ಶಾಸನ ಓದಲು ನನಗೆ ಬಾರದು, ಓದಬಲ್ಲವರಿಗೆ ಕತೆ ಬಾರದು. ಅದಕ್ಕೇ ಸೇತುವೆ ನೋಡಲು ಬಂದವರೆಲ್ಲ ನನ್ನ ಮುಂದೆ ನಿಲ್ಲುತ್ತಾರೆ. ಕಲ್ಲುಕಂಬಗಳ ಮೇಲೆ ಗಾರೆಯಿಲ್ಲದೆ ಹಾಸಿದ ಚಪ್ಪಡಿಗಳು, ಎರಡೂ ಬದಿಗೆ ಅಂಗಡಿಸಾಲು, ನಡುವೆ ಒಂದು ಗಾಡಿ ಹೋಗುವಷ್ಟು ದಾರಿ. ಕೆಳಗೆ ಹೊಳೆಯಿದೆ ಎಂದು ತಿಳಿಯುವುದು ಒಂದೇ ಕಡೆ. ಅಲ್ಲಿ ಒಂದು ಅಂಗಡಿಯಷ್ಟು ಜಾಗದಲ್ಲಿ ಚಪ್ಪಡಿಯೇ ಇಲ್ಲ, ಬಗ್ಗಿದರೆ ನೀರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ತುಳಜವ್ವನೆಂಬ ಬಳೆಗಾರ್ತಿಯಿದ್ದಳು. ಒಂದು ಮಧ್ಯಾಹ್ನ ಕುಂಬಾರರ ಸೊಸೆ ಮಾಳಿ, ಏಳು ತಿಂಗಳ ಬಸುರಿ, ಶಾಸ್ತ್ರದ ಹಸಿರು ಬಳೆ ತೊಡಲು ಬಂದು ಕೂತಳು. ಬಲಗೈ ತುಂಬಿತ್ತು, ಅಷ್ಟರಲ್ಲಿ ಮೇಲಿನ ಕೆರೆ ಒಡೆದು ಹೊಳೆ ಏರಿತು. ಎಷ್ಟು ಏರಿತೆಂದರೆ, ಮೀನುಗಳು ಅಂಗಡಿಯೊಳಗೆ ಬಂದು ಬೆಲೆ ಕೇಳಿದವು ಎನ್ನುತ್ತಾರೆ. ಸೇತುವೆ ಅದುರತೊಡಗಿತು. ಭಾರಕ್ಕೆ ಮುರಿದೀತೆಂದು ಎಲ್ಲರೂ ಮೂಟೆ ಹೊತ್ತು ದಡಕ್ಕೆ ಓಡಿದರು. ಎಲ್ಲರಿಗಿಂತ ಮೊದಲು ಅಂಗಡಿ ಬರಿದು ಮಾಡಿದವನು ಬೆಲ್ಲ ಮಾರುವ ಚೆನ್ನವೀರ. ಅವನು ದಡದಿಂದ ಕೂಗಿದ:

"ಏಳೇ ತುಳಜವ್ವ! ಬಳೆ ಆಮೇಲೆ, ಜೀವ ಮೊದಲು!"

"ಒಂದು ಕೈ ತುಂಬಿದೆ, ಇನ್ನೊಂದು ಬರಿದು. ಹೀಗೇ ಎಬ್ಬಿಸಿದರೆ ಕೂಸಿಗೆ ಆಗೋದನ್ನ ನೀನು ಹೊರ್ತೀಯೇನೋ ಚೆನ್ನವೀರ?" ಎಂದು ಅವಳು ಮಾಳಿಯ ಎಡಗೈ ಹಿಡಿದು ಒತ್ತತೊಡಗಿದಳು.

ಮಾಳಿಯ ಅತ್ತೆ ಮೊದಲು ತಿರುಗಿ ಬಂದು ಪಕ್ಕದಲ್ಲಿ ಕೂತಳು. ಬಸುರಿಯನ್ನು ಬಿಟ್ಟು ಓಡಿದ ಊರೆಂಬ ಮಾತು ಬರುತ್ತದಲ್ಲ ಎಂದು ನಾಚಿ, ಉಳಿದವರೂ ಮೂಟೆ ಹೊತ್ತುಕೊಂಡೇ ಬಂದು ತಂತಮ್ಮ ಅಂಗಡಿಯಲ್ಲಿ ಕೂತರು. ಚೆನ್ನವೀರ ಮಾತ್ರ ಬರಲಿಲ್ಲ. ನೀರು ಕೆಳಗಿಂದ ನೂಕಿದಾಗ, ಭಾರವಿದ್ದ ಚಪ್ಪಡಿಗಳು ಅಲುಗಲಿಲ್ಲ. ಅವನ ಬರಿದಾದ ಅಂಗಡಿಯ ಚಪ್ಪಡಿ ಹಪ್ಪಳದಂತೆ ಎದ್ದು ತೇಲಿಹೋಯಿತು. ಕೊನೆಯ ಬಳೆ ಏರುವ ಹೊತ್ತಿಗೆ ನೀರು ಇಳಿಯುತ್ತಿತ್ತು. ಈ ಸೇತುವೆಯ ಮೇಲೆ ಅಂಗಡಿಗಳು ಎಂದೂ ಬರಿದಾಗಕೂಡದೆಂದು ಪಾಳೆಯಗಾರ ಕಟ್ಟಳೆ ಮಾಡಿದ. ಹೆಸರು ಬಳೆಗಾರ್ತಿಯದಾಯಿತು.

ಮೊನ್ನೆ ಬಂದ ಗುಂಪಿಗೂ ಇದನ್ನೇ ಹೇಳಿ, ಚಪ್ಪಡಿಗಳ ಸಂದಿನಲ್ಲಿ ಮಣ್ಣು ಕಚ್ಚಿಕೊಂಡಿರುವ ಹಸಿರು ಬಳೆಚೂರುಗಳನ್ನು ತೋರಿಸಿದೆ. "ಅವತ್ತು ಮಾಳಿಗೆ ತೊಡಿಸುವಾಗ ಒಡೆದವು" ಎಂದೆ. ಒಬ್ಬಾಕೆ ಕಡ್ಡಿಯಿಂದ ಒಂದನ್ನು ಕೆದಕಿ ತೆಗೆದು ಬೆರಳಲ್ಲಿ ಅದುಮಿದಳು. ಅದು ಬಗ್ಗಿತು.

"ಅಜ್ಜಾ, ಇದು ಪ್ಲಾಸ್ಟಿಕ್ಕು! ಪಾಳೆಯಗಾರರ ಕಾಲದಲ್ಲೇ ಇತ್ತೇನು?"

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಬಸುರಿಯರು ಇವತ್ತಿಗೂ ಇಲ್ಲೇ ಬಂದು ತೊಡ್ತಾರಲ್ಲ ತಾಯಿ, ಮೇಲಿನದು ಹೊಸದು. ಅವತ್ತಿನದು ಇನ್ನೂ ಕೆಳಗಿದೆ, ಕೆದಕಿ."