ಬಾದಾಮಿ ಮರಕ್ಕೆ ಬೀಸಿದ ಗಾಳಿ

ಕಪಿಲಾ ನದಿಯ ದಡದಲ್ಲೊಂದು ಸಣ್ಣ ಮಠ. ಅಂಗಳದಲ್ಲಿ ಒಂದು ಬಾದಾಮಿ ಮರ. ಪುಷ್ಯಮಾಸದ ಚಳಿಗೆ ಅದರ ಎಲೆಗಳೆಲ್ಲ ಕೆಂಪಾಗಿ, ದಿನಕ್ಕಿಷ್ಟು ಉದುರುತ್ತಿದ್ದವು.

ಅಂಗಳ ಗುಡಿಸುವ ಕೆಲಸ ಶಿಷ್ಯ ಗುರುಪಾದನದು. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ನಾಲ್ಕು ಎಲೆ. ಅವನಿಗೆ ರೇಗಿಹೋಗಿತ್ತು.

ಮರುದಿನ ಲಿಂಗೈಕ್ಯರಾದ ಹಿರಿಯ ಗುರುಗಳ ಗದ್ದುಗೆ ಪೂಜೆ. ಅಂಗಳದಲ್ಲಿ ಕಸ ಕಂಡರೆ ತನಗೇ ಅವಮಾನ ಎಂದುಕೊಂಡ. ಕತ್ತಲಾದ ಮೇಲೆ ಬಿದಿರಿನ ಗಳ ತಂದು ಮರವನ್ನು ಬಡಿದ. ಒಂದೆಲೆಯನ್ನೂ ಉಳಿಸಲಿಲ್ಲ. ರಾಶಿಯನ್ನೆಲ್ಲ ನೀರೊಲೆಗೆ ತುಂಬಿದ.

ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ ಹೊರಗೆ ಬಂದು, ಮರದ ಕಡೆ ನೋಡುತ್ತ ನಿಂತರು.

"ಅಂಗಳ ಹೇಗಿದೆ ಬುದ್ಧಿ?" ಗುರುಪಾದ ಹೊಗಳಿಕೆಗೆ ಕಾದ.

"ಚೊಕ್ಕಟವಾಗಿದೆ. ನೀರೂ ಚೆನ್ನಾಗಿ ಕಾದಿತ್ತು."

ಪೂಜೆ ಮುಗಿದ ಮೇಲೆ ಗುರುಗಳು ಅವನ ಕೈಗೆ ಪ್ರಸಾದ ಕೊಟ್ಟರು.

"ಪಕ್ಕದ ಮನೆ ಸಾತಜ್ಜಿಗೆ ಕೊಟ್ಟು, ಸ್ವಲ್ಪ ಹೊತ್ತು ಅವರ ಹತ್ರ ಕೂತು ಬಾ."

ಸೊಂಟ ಮುರಿದು ಎರಡು ವರ್ಷದಿಂದ ಸಾತಜ್ಜಿ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಮಂಚ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದುದು ಮಠದ ಮರವೊಂದೇ.

"ಮೊನ್ನೆ ಅರಿಶಿನದಂಗಿತ್ತು ಕಣಪ್ಪ. ನೆನ್ನೆ ಕುಂಕುಮ ಆಗಿತ್ತು," ಎಂದಳು ಅಜ್ಜಿ. "ಇವತ್ತು ಹೆಂಗಿರ್ತದೋ ಅಂತ ಬೆಳಕು ಹರಿಯೋದನ್ನೇ ಕಾಯ್ತಿದ್ದೆ. ಅಷ್ಟು ಜೋರು ಗಾಳಿ ಬಂತಾ? ನನ್ನ ಮಂದ ಕಿವಿಗೆ ಕೇಳಿಸ್ನೇ ಇಲ್ಲ."



"ಬಂತು ಅಜ್ಜಿ."

"ಹೋಗ್ಲಿ ಬಿಡು. ಗಾಳಿಗೇನು ಗೊತ್ತಾಯ್ತದೆ, ಪಾಪ."

ಮಠಕ್ಕೆ ಬಂದವನಿಗೆ ತಲೆಯೆತ್ತಲು ಆಗಲಿಲ್ಲ. ಎಲೆ ಬಡಿದದ್ದಕ್ಕಿಂತ 'ಬಂತು' ಎಂದ ಆ ಒಂದು ಮಾತು ಅವನನ್ನು ಹೆಚ್ಚು ಸುಡುತ್ತಿತ್ತು. ನಡೆದದ್ದನ್ನೆಲ್ಲ ಗುರುಗಳಿಗೆ ಒಪ್ಪಿಸಿದ.

"ಮರ ಮತ್ತೆ ಕೆಂಪಾಗೋದು ಮುಂದಿನ ವರ್ಷ, ಬುದ್ಧಿ. ಅಲ್ಲೀತನಕ ಅಜ್ಜಿ..."

ಗುರುಪಾದ ಗುರುಗಳ ಕಾಲಿಗೆ ಬಿದ್ದ.

"ನಾಚಿಕೆಯಿಂದ ಸಾಯೋ ಹಾಗಾಗಿದೆ. ಉಪವಾಸ ಇರ್ತೀನಿ. ಒಂದು ತಿಂಗಳು ಮೌನವಾಗಿರ್ತೀನಿ."

"ಮೌನ ಬಲು ಸುಲಭ."

"ಮತ್ತೇನು ಮಾಡ್ಲಿ ಬುದ್ಧಿ?"

ಗುರುಗಳು ಸಾತಜ್ಜಿಯ ಕಿಟಕಿಯ ಕಡೆ ನೋಡಿದರು. ಅದು ಇನ್ನೂ ತೆರೆದೇ ಇತ್ತು.

"ಹೋಗು. ಆ ಗಾಳಿಗೆ ಒಂದು ಹೆಸರಿದೆ ಅಂತ ಅಜ್ಜಿಗೆ ಹೇಳಿ ಬಾ."