ಶರತ್ಕಾಲದ ಚಹಾ ಎಲೆಗೆ ಕೆಂಪು ಅಂಚು ಬಂದ ಬಗೆ

ಬೆಟ್ಟಗಳಿಗೆ ಯಾರೂ ಇನ್ನೂ ಹೆಸರಿಟ್ಟಿರಲಿಲ್ಲ. ಹೊಳೆಗಳು ಮಾತಾಡುತ್ತಿದ್ದವು. ಗಾಳಿ ಊರಿಂದೂರಿಗೆ ಸುದ್ದಿ ಒಯ್ಯುತ್ತಿತ್ತು. ಪರಿಮಳ ಹೂಗಳಿಗೆ ಮಾತ್ರ ಇತ್ತು. ಚಹಾ ಗಿಡದ ಎಲೆಗೆ ಬರೀ ಹಸಿ ವಾಸನೆ, ಹುಲ್ಲಿನ ಹಾಗೆ.

ಮಂಜು ಇಳಿಯುವ ಒಂದು ಬೆಟ್ಟದಲ್ಲಿ ಮಾಸಿ, ಬೆಳ್ಳಿ ಎಂಬ ಅಕ್ಕತಂಗಿಯರಿದ್ದರು. ತಂಗಿ ಬೆಳ್ಳಿಯನ್ನು ಹೊಳೆಯಾಚೆಯ ಬಯಲೂರಿಗೆ ಮದುವೆ ಮಾಡಿಕೊಟ್ಟರು. ಹೊಳೆ ದಾಟಿದ ಮದುಮಗಳು ಮೂರು ವರ್ಷ ತವರಿಗೆ ಬರುವಂತಿಲ್ಲ. ಆ ಕಾಲದ ಕಟ್ಟಳೆ ಹಾಗಿತ್ತು.

ಒಂದು ವರ್ಷ ತುಂಬುತ್ತ ಬಂತು. ಮಳೆಗಾಲದ ಒಂದು ಬೆಳಿಗ್ಗೆ ಗಾಳಿ ಓಡಿ ಬಂತು.

“ಮಾಸಿ, ನಿನ್ನ ತಂಗಿ ಸರಿಯಾಗಿ ಊಟ ಮಾಡುತ್ತಿಲ್ಲ.”

“ಜ್ವರವೇ?”

“ಜ್ವರವಲ್ಲ. ‘ನಮ್ಮ ಬೆಟ್ಟದ ವಾಸನೆ ಮರೆತುಹೋಗುತ್ತಿದೆ. ನಿನ್ನೆ ಕಣ್ಣು ಮುಚ್ಚಿ ಹುಡುಕಿದೆ, ಸಿಗಲಿಲ್ಲ’ ಅಂದಳು. ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.”

“ನೀನೇ ಒಂದಿಷ್ಟು ಒಯ್ಯಬಾರದಿತ್ತೇ?”

“ಒಯ್ದೆ. ದಾರಿಯಲ್ಲೇ ಚೆಲ್ಲಿಹೋಯಿತು. ನನಗೆ ಕೈ ಎಲ್ಲಿದೆ ಮಾರಾಯ್ತಿ?”

ಮಾಸಿ ಮಂಜನ್ನು ಮಡಕೆಯಲ್ಲಿ ಹಿಡಿದಳು. ಮುಚ್ಚಳ ತೆಗೆದರೆ ಒಳಗೆ ಬರೀ ತೇವ. ಬೇಲಿಯ ಬಿಳಿ ಹೂ ಕೊಯ್ದು ಬುಟ್ಟಿಯಲ್ಲಿಟ್ಟು ನೋಡಿದಳು. ಸಂಜೆಗೆ ಬಾಡಿತು. ಬಯಲೂರಿಗೆ ಮೂರು ಗುಡ್ಡ ದಾಟಬೇಕು, ಆಮೇಲೆ ಹೊಳೆ. ಅವಳು ಚಹಾ ಗಿಡದ ಬುಡದಲ್ಲಿ ಕುಳಿತುಬಿಟ್ಟಳು.

“ನನ್ನ ಎಲೆ ಒಯ್ಯಿ” ಎಂದಿತು ಚಹಾ ಗಿಡ.

“ನಿನ್ನ ಎಲೆಗೆ ಹುಲ್ಲಿನ ವಾಸನೆ.”

“ಈಗ ಹಾಗೆಯೇ. ಈಗ ಎಲೆಯ ತುಂಬ ಮಳೆನೀರು. ವಸಂತದ ಎಲೆ ಇದ್ದದ್ದನ್ನೆಲ್ಲ ನಾಲಿಗೆಗೆ ಕೊಡುತ್ತದೆ, ಮೂಗಿಗೆ ಏನೂ ಉಳಿಸದು. ನೀನು ಶರತ್ಕಾಲಕ್ಕೆ ಬಾ. ಆಗ ಹಗಲು ಒಣ, ರಾತ್ರಿ ಚಳಿ. ಎಲೆ ನಿಧಾನವಾಗಿ ಬೆಳೆಯುತ್ತದೆ. ಬೆಟ್ಟ ಹೇಳುವುದನ್ನೆಲ್ಲ ಕೇಳಿಸಿಕೊಳ್ಳಲು ಅದಕ್ಕೆ ಪುರುಸೊತ್ತು ಸಿಗುತ್ತದೆ.”

“ಅಲ್ಲಿಯವರೆಗೆ ನನ್ನ ತಂಗಿಯ ಗತಿ?”

“ಈ ನೆರೆಯಲ್ಲಿ ಹೊಳೆ ನಿನ್ನನ್ನು ದಾಟಗೊಡುತ್ತದೆಯೇ?”

ಕೊಡುವುದಿಲ್ಲ. ಮಾಸಿಗೂ ಅದು ಗೊತ್ತಿತ್ತು. “ಒಂದೊಂದು ತುತ್ತಾದರೂ ತಿನ್ನುತ್ತಿರಲಿ, ಬರುತ್ತೇನೆ” ಎಂದು ಗಾಳಿಯ ಬಳಿ ಹೇಳಿ ಕಳಿಸಿದಳು.

ಅವಳು ಕಾದಳು. ಬೆಳ್ಳಿಯೂ ಕಾದಳು. ಮಳೆ ನಿಂತಿತು.

ಶರತ್ಕಾಲದ ಒಂದು ಬಿಸಿಲ ದಿನ ಮಾಸಿ ಬಲಿತ ಎಲೆಗಳನ್ನು ಕಿತ್ತಳು. ಮೊರದಲ್ಲಿ ಹರಡಿದಳು. ತುಸು ಬಾಡಿದ ಮೇಲೆ ಮೊರವನ್ನು ತಲೆಯ ಮೇಲಿಟ್ಟು ಹೊರಟಳು. ಬುಟ್ಟಿಯಲ್ಲಿ ತುರುಕಿದರೆ ಒಳಬಿಸಿಗೆ ಬೇಯುತ್ತವೆ ಎಂದು ಅವಳ ಲೆಕ್ಕ.

ಆದರೆ ಮೊರ ಅಗಲ, ಎಲೆಗಳು ಸಡಿಲ. ಗುಡ್ಡ ಇಳಿಯುವಾಗ ಎಲೆಗಳು ಕುಲುಕಾಡಿದವು, ಒಂದಕ್ಕೊಂದು ತಾಗಿದವು. ಮಾಸಿ ಮರದ ನೆರಳಲ್ಲಿ ಕೂತಳು, ಎಲೆಗಳೂ ಸುಮ್ಮನಾದವು. ಮತ್ತೆ ನಡೆದಳು, ಮತ್ತೆ ಕುಲುಕಿದವು. ಮತ್ತೆ ಕೂತಳು. ಹೀಗೆ ಮೂರು ಗುಡ್ಡ.

ಹೊಳೆಯ ದಡದಲ್ಲಿ ಮೊರ ಇಳಿಸಿ ನೋಡಿದಳು. ಎಲೆಗಳ ಅಂಚೆಲ್ಲ ಪೆಟ್ಟು ತಿಂದು ಕೆಂಪಾಗಿತ್ತು.

“ಏನೇ ಮಾಸಿ, ಮೊರದ ತುಂಬ ಸೊಪ್ಪು? ತಂಗಿ ಮೇಕೆಯಾದಳೇ?” ಎಂದು ಹೊಳೆ ನಕ್ಕಿತು.

ಮಾಸಿ ನಗಲಿಲ್ಲ. “ನಾಲ್ಕು ತಿಂಗಳು ಕಾದು, ಮೂರು ಗುಡ್ಡದಲ್ಲಿ ಹಾಳುಮಾಡಿದೆ” ಎಂದು ಅತ್ತಳು. ಹೊಳೆ ಸಪ್ಪಗಾಯಿತು. ನೀರನ್ನು ಮೊಣಕಾಲಿಗಿಳಿಸಿತು.

ಆಗ ಗಾಳಿ ಮೊರದ ಮೇಲೆ ಬಾಗಿತು. “ಅಳುವುದು ಬಿಟ್ಟು ಮೂಸಿ ನೋಡು.”

ಮೂಸಿದಳು. ಹುಲ್ಲಿನ ವಾಸನೆ ಇರಲಿಲ್ಲ. ಬೇಲಿಯ ಬಿಳಿ ಹೂವಿತ್ತು. ಬಿಸಿಲಿಗೆ ಕಾದ ಬೆಟ್ಟದ ಬಂಡೆ ಇತ್ತು. ಮೊರದಲ್ಲಿ ಒಂದು ಹೂವೂ ಇರಲಿಲ್ಲ.

“ಪೆಟ್ಟು ಬಿದ್ದಲ್ಲಿ ಎಲೆ ಬಾಯಿ ಬಿಟ್ಟಿದೆ” ಎಂದಿತು ಗಾಳಿ. “ಬೇಗ ನಡೆ. ಕೆಂಪು ನಡುವಿಗೆ ಹಬ್ಬಿದರೆ ಈ ಪರಿಮಳ ನಿಲ್ಲದು.”

ನೆನೆದ ರಾಗಿ ಮೊಳೆಯದಂತೆ ತಾಯಿ ಅದನ್ನು ಹಂಚಿನ ಮೇಲೆ ಹುರಿಯುತ್ತಿದ್ದಳು. ಮಾಸಿಗೆ ಅದು ನೆನಪಾಯಿತು. ಬಿಸಿ ತಾಗಿದರೆ ಮೊಳಕೆಯಂತೆ ಕೆಂಪೂ ನಿಂತೀತು. ಹೊಳೆ ದಾಟಿ ಓಡಿದಳು.

ಬಾಗಿಲಲ್ಲಿ ಬೆಳ್ಳಿಯ ಅತ್ತೆ ನಿಂತಿದ್ದಳು.

“ಅಮ್ಮಾ, ರೊಟ್ಟಿ ಹಂಚು ಕೊಡಿ!”

“ಬಂದವಳು ಕಾಲು ತೊಳೆಯಲಿಲ್ಲ, ಕ್ಷೇಮ ಕೇಳಲಿಲ್ಲ, ಹಂಚು ಕೇಳುತ್ತಾಳೆ! ಸೊಪ್ಪು ಸೀದರೆ ಸೀಯಲಿ, ನನ್ನ ಹಂಚು ಸೀಯಿಸಬೇಡ” ಎಂದಳು ಅತ್ತೆ. ಆದರೂ ಒಲೆಗೆ ತಾನೇ ಸೌದೆ ತುರುಕಿದಳು.

ಮಾಸಿ ಹುರಿದಳು. ಕೆಂಪು ಅಂಚಿನಲ್ಲೇ ನಿಂತಿತು, ನಡು ಹಸಿರಾಗಿಯೇ ಉಳಿಯಿತು. ಬಿಸಿ ಎಲೆಗಳನ್ನು ಅಂಗೈಯಲ್ಲಿ ಹೊಸೆದಳು, ಸಣ್ಣ ಉರಿಯಲ್ಲಿ ಒಣಗಿಸಿದಳು. ಬಟ್ಟಲಿಗೆ ಹಾಕಿ ಕುದಿನೀರು ಸುರಿದಳು. ಹೊಸೆದ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ನೀರು ತಿಳಿ ಹೊಂಬಣ್ಣಕ್ಕೆ ತಿರುಗಿತು.

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಬೆಳ್ಳಿ ತಿರುಗಿದಳು. ಎದ್ದು ಕೂತಳು.

“ಅಕ್ಕಾ, ಬೇಲಿ ಹತ್ತಿರ ನಿಂತಿದ್ದೀಯಾ?” ಎಂದಳು, ಕಣ್ಣು ಮುಚ್ಚಿಕೊಂಡೇ. “ಬಂಡೆ ಮೇಲೆ ಆಗಲೇ ಬಿಸಿಲು ಬಂತಲ್ಲ!”

ಅತ್ತೆಯೂ ಒಂದು ಗುಟುಕು ಕುಡಿದಳು. “ಇದೇನು, ಬಾಯಿಗೆ ಇಷ್ಟು ಹಗುರ! ಇರುವುದೆಲ್ಲ ಮೂಗಿಗೇ” ಎಂದವಳು ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.

ಅದೇ ಎಲೆಗೆ ಆರು ಸಲ ನೀರು ಸುರಿದರು. ಆರು ಸಲವೂ ಬೆಟ್ಟ ಬಂತು, ಪ್ರತಿ ಸಲ ತುಸು ದೂರದಿಂದ. ಏಳನೆಯ ಸಲ ಬರೀ ಬಿಸಿನೀರು. ಅಷ್ಟರಲ್ಲಿ ಬೆಳ್ಳಿ ಎರಡು ರೊಟ್ಟಿ ತಿಂದಿದ್ದಳು.

ಮರುದಿನ ಮಾಸಿ ಹೊರಟಳು. ತಂಗಿ ಹೊಳೆಯವರೆಗೆ ಬಂದಳು. ಅದರಾಚೆ ಬರುವಂತಿರಲಿಲ್ಲ.

“ಇನ್ನೆರಡು ವರ್ಷ” ಎಂದಳು ಬೆಳ್ಳಿ.

“ಇನ್ನೆರಡು ಶರತ್ಕಾಲ” ಎಂದಳು ಮಾಸಿ.

ಮನೆಗೆ ಮರಳಿದ ಬೆಳ್ಳಿ ಬಟ್ಟಲು ತೊಳೆಯಲು ಕೈಗೆತ್ತಿಕೊಂಡಳು. ಅದು ಬರಿದಾಗಿತ್ತು, ಒಣಗಿತ್ತು. ಮೂಗಿನ ಬಳಿ ಹಿಡಿದಳು. ತೊಳೆಯದೆ ಹಾಗೆಯೇ ಗೋಡೆಯ ಗೂಡಿನಲ್ಲಿಟ್ಟಳು.

ಮಗು, ಅಂದಿನಿಂದ ಹೀಗೆ ಕುಲುಕಿ, ಸುಮ್ಮನಿರಿಸಿ, ಹುರಿದ ಎಲೆಗೆ ಊಲಾಂಗ್ ಚಹಾ ಎನ್ನುತ್ತಾರೆ. ಶರತ್ಕಾಲದ ಊಲಾಂಗ್ ಸಿಕ್ಕಿದಾಗ ನೆನೆದ ಎಲೆಯನ್ನು ಬಿಡಿಸಿ ನೋಡು, ನಡು ಹಸಿರು, ಅಂಚು ಕೆಂಪು. ಆಮೇಲೆ ಕುಡಿದು ಮುಗಿಸಿದ ಬಟ್ಟಲನ್ನು ಮೂಗಿನ ಹತ್ತಿರ ತಾ, ಚಹಾ ಮುಗಿದಿರುತ್ತದೆ, ಬೆಟ್ಟ ಇನ್ನೂ ಹೋಗಿರುವುದಿಲ್ಲ.